ಗುಪ್ತೋಷ್ಣ

ಒಂದು ವಸ್ತು ತನ್ನ ತಾಪಮಾನ ಬದಲಾಗದಂತೆ ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿಗೆ ಮಾರ್ಪಡುವಾಗ ಹೀರಿಕೊಳ್ಳುವ ಅಥವಾ ಹೊರಬಿಡುವ ಉಷ್ಣವೇ ಗುಪ್ತೋಷ್ಣ. ಘನ ಕರಗುವಾಗ, ದ್ರವ ಆವಿಯಾಗುವಾಗ ಉಷ್ಣ ಒಳಸೇರುತ್ತದೆ. ಆವಿ ದ್ರವವಾಗುವಾಗ, ದ್ರವ ಹೆಪ್ಪುಗಟ್ಟುವಾಗ ಅಷ್ಟೇ ಉಷ್ಣ ಹೊರಬರುತ್ತದೆ. ಸ್ಥಿತ್ಯಂತರ ನಡೆಯುವಷ್ಟು ಹೊತ್ತೂ ಒತ್ತಡ ಸ್ಥಿರವಾಗಿದ್ದರೆ ಶುದ್ಧ ವಸ್ತುವಿನ ತಾಪಮಾನವೂ ಸ್ಥಿರವಾಗಿರುತ್ತದೆ. ಒಲೆಯ ಮೇಲೆ ಕುದಿಯುತ್ತಿರುವ ನೀರಿಗೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ಸಮುದ್ರಮಟ್ಟದಲ್ಲಿ ಅದು 100° ಸೆ. ದಾಟುವುದಿಲ್ಲ, ಬೇಗ ಆವಿಯಾಗುತ್ತದೆ, ಅಷ್ಟೆ.

ಪರಿಭಾಷೆ ಮತ್ತು ಮಾನಗಳು

ಒಂದು ಕಿಲೋಗ್ರಾಂ ವಸ್ತುವಿನ ಸ್ಥಿತಿಯನ್ನು ಪೂರ್ತಿಯಾಗಿ ಬದಲಿಸಲು ಬೇಕಾಗುವ ಉಷ್ಣಕ್ಕೆ ವಿಶಿಷ್ಟ ಗುಪ್ತೋಷ್ಣ ಎಂದು ಹೆಸರು. ರೂಢಿಯಲ್ಲಿ ಇದನ್ನೇ ಗುಪ್ತೋಷ್ಣ ಎನ್ನುವುದುಂಟು. ಅಂತಾರಾಷ್ಟ್ರೀಯ ಪದ್ಧತಿಯಲ್ಲಿ ಇದರ ಮಾನ ಕಿಲೋಗ್ರಾಂಗೆ ಇಷ್ಟು ಜೂಲ್; ಹಳೆಯ ಪುಸ್ತಕಗಳಲ್ಲಿ ಗ್ರಾಮಿಗೆ ಇಷ್ಟು ಕ್ಯಾಲೊರಿ. ಬೇಕಾಗುವ ಒಟ್ಟು ಉಷ್ಣವು ವಸ್ತುವಿನ ದ್ರವ್ಯರಾಶಿ ಮತ್ತು ವಿಶಿಷ್ಟ ಗುಪ್ತೋಷ್ಣಗಳ ಗುಣಲಬ್ಧಕ್ಕೆ ಸಮ. ಈ ಲೆಕ್ಕದಲ್ಲಿ ತಾಪಮಾನದ ವ್ಯತ್ಯಾಸಕ್ಕೆ ಸ್ಥಾನವಿಲ್ಲ. ತಾಪಮಾನ ಏರಿಸಲು ಬೇಕಾಗುವ ಉಷ್ಣವನ್ನು ಎಣಿಸುವ ವಿಶಿಷ್ಟೋಷ್ಣದ ಲೆಕ್ಕಕ್ಕೂ ಇದಕ್ಕೂ ಇರುವ ಮುಖ್ಯ ಭೇದ ಇದು.

ನೀರಿನ ಉದಾಹರಣೆಯಲ್ಲಿ ಈ ಎರಡು ಲೆಕ್ಕಗಳ ಗಾತ್ರ ತಿಳಿಯುತ್ತದೆ. ಮೈನಸ್ 10° ಸೆ. ತಾಪಮಾನದ 1 ಕೆ.ಜಿ. ಮಂಜುಗಡ್ಡೆಯನ್ನು 0 ಡಿಗ್ರಿಗೆ ತರಲು ಸುಮಾರು 21 ಕಿಲೋಜೂಲ್ ಸಾಕು. ಅದನ್ನು ಕರಗಿಸಲು 334 ಕಿಲೋಜೂಲ್ ಬೇಕು. ಕರಗಿದ ನೀರನ್ನು 0ಯಿಂದ 100 ಡಿಗ್ರಿಯವರೆಗೆ ಕಾಯಿಸಲು 419, ಆ ಬಿಸಿನೀರನ್ನೆಲ್ಲ ಹಬೆಯಾಗಿಸಲು 2257 ಕಿಲೋಜೂಲ್. ಒಟ್ಟು 3031 ಕಿಲೋಜೂಲ್‌ಗಳಲ್ಲಿ ತಾಪಮಾನ ಏರಿಸಲು ವೆಚ್ಚವಾದದ್ದು 440 ಮಾತ್ರ. ಉಳಿದದ್ದನ್ನು ಉಷ್ಣಮಾಪಕ ತೋರಿಸುವುದೇ ಇಲ್ಲ.

ಪರಿಕಲ್ಪನೆಯ ಉಗಮ

ಹದಿನೆಂಟನೆಯ ಶತಮಾನದ ನಡುವಿನವರೆಗೆ ಉಷ್ಣ ಮತ್ತು ತಾಪಮಾನಗಳನ್ನು ಬೇರ್ಪಡಿಸಿ ನೋಡುವ ಪದ್ಧತಿ ಬೇರೂರಿರಲಿಲ್ಲ. ಮಂಜುಗಡ್ಡೆ ಕರಗುವ ತಾಪಮಾನಕ್ಕೆ ಬಂದ ಮೇಲೆ ಇನ್ನೊಂದಿಷ್ಟು ಉಷ್ಣ ಸೇರಿದರೆ ಸಾಕು, ಎಲ್ಲವೂ ನೀರಾಗುತ್ತದೆ ಎಂಬುದು ಆಗಿನ ತಿಳಿವಳಿಕೆ. ಸ್ಕಾಟ್ಲೆಂಡಿನ ಗ್ಲ್ಯಾಸ್ಗೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಜೋಸೆಫ್ ಬ್ಲ್ಯಾಕ್ (1728–1799) ಇದನ್ನು ಪ್ರಶ್ನಿಸಿದ. ಹಾಗಿದ್ದರೆ ಚಳಿಗಾಲ ಮುಗಿದು ಗಾಳಿ ಬೆಚ್ಚಗಾದ ಕೂಡಲೇ ಬೆಟ್ಟಗಳ ಹಿಮವೆಲ್ಲ ಒಮ್ಮೆಗೇ ನೀರಾಗಿ ಭೀಕರ ಪ್ರವಾಹಗಳು ಬರಬೇಕಿತ್ತು. ನಿಜದಲ್ಲಿ ಹಿಮ ವಾರಗಟ್ಟಲೆ ಕರಗುತ್ತದೆ ಎಂಬುದು ಅವನ ವಾದ.

ವಾದವನ್ನು ಅವನು ಪ್ರಯೋಗದಿಂದ ಸ್ಥಾಪಿಸಿದ. ಒಂದೇ ಅಳತೆಯ ಎರಡು ಗಾಜಿನ ಬುರುಡೆಗಳಲ್ಲಿ ತಲಾ 5 ಔನ್ಸ್ ನೀರು ಹಾಕಿ, ಒಂದರಲ್ಲಿನ ನೀರನ್ನು ಹೆಪ್ಪುಗಟ್ಟಿಸಿ, ಇನ್ನೊಂದರದನ್ನು 33 ಡಿಗ್ರಿ ಫ್ಯಾರನ್‌ಹೀಟ್‌ಗೆ ತಣಿಸಿ, ಎರಡನ್ನೂ 47 ಡಿಗ್ರಿ ಫ್ಯಾರನ್‌ಹೀಟ್ ತಾಪಮಾನದ ದೊಡ್ಡ ಕೋಣೆಯಲ್ಲಿ ತೂಗುಹಾಕಿದ. ನೀರಿದ್ದ ಬುರುಡೆ 40 ಡಿಗ್ರಿ ಮುಟ್ಟಲು ಅರ್ಧ ಗಂಟೆ ಹಿಡಿಯಿತು. ಮಂಜುಗಡ್ಡೆಯಿದ್ದದ್ದು ಕರಗಿ ಅದೇ ತಾಪಮಾನಕ್ಕೆ ಬರಲು ಹತ್ತೂವರೆ ಗಂಟೆ ಬೇಕಾಯಿತು, ಅಂದರೆ 21 ಪಟ್ಟು ಸಮಯ. ಎರಡಕ್ಕೂ ಕೋಣೆಯ ಗಾಳಿಯಿಂದ ಒಂದೇ ವೇಗದಲ್ಲಿ ಉಷ್ಣ ಸೇರುತ್ತಿದೆಯೆಂದು ಭಾವಿಸಿ, ಮಂಜುಗಡ್ಡೆಯನ್ನು ಕರಗಿಸುವ ಉಷ್ಣದಿಂದ ಅಷ್ಟೇ ತೂಕದ ನೀರನ್ನು ಸುಮಾರು 140 ಫ್ಯಾರನ್‌ಹೀಟ್ ಡಿಗ್ರಿಗಳಷ್ಟು ಬಿಸಿಮಾಡಬಹುದೆಂದು ಲೆಕ್ಕ ಹಾಕಿದ. ಇಂದಿನ ಬೆಲೆ ಸುಮಾರು 144. ಉಪಕರಣಗಳ ಸರಳತೆಯನ್ನು ಗಮನಿಸಿದರೆ ಈ ನಿಖರತೆ ಅಸಾಧಾರಣವಾದುದು. 1762ರಲ್ಲಿ ಗ್ಲ್ಯಾಸ್ಗೋದ ವಿದ್ವತ್ಸಭೆಯೊಂದರಲ್ಲಿ ಅವನು ಇದನ್ನು ಮಂಡಿಸಿದ. ಮುಂದೆ ನೀರನ್ನು ಕುದಿಸಿ ಹಬೆಯ ಗುಪ್ತೋಷ್ಣವನ್ನೂ ಅಂದಾಜು ಮಾಡಿದ. ಇದನ್ನು ಅವನು ತರಗತಿಗಳಲ್ಲಿ ಬೋಧಿಸಿದನೇ ಹೊರತು ಅಚ್ಚು ಹಾಕಿಸಲಿಲ್ಲ. ಅವನ ಉಪನ್ಯಾಸಗಳು ಪುಸ್ತಕವಾಗಿ ಬಂದದ್ದು ಅವನು ತೀರಿಕೊಂಡ ಮೇಲೆ, 1803ರಲ್ಲಿ. ಈ ನಡುವೆ ಸ್ವೀಡನ್ನಿನ ಯೋಹಾನ್ ವಿಲ್ಕೆ 1772ರಲ್ಲಿ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದಿದ್ದ.

ಜೇಮ್ಸ್ ವಾಟ್ ಅದೇ ವಿಶ್ವವಿದ್ಯಾಲಯದಲ್ಲಿ ಉಪಕರಣ ತಯಾರಕನಾಗಿದ್ದ. ನ್ಯೂಕೊಮನ್ ಹಬೆಯಂತ್ರದ ಮಾದರಿಯೊಂದನ್ನು ದುರಸ್ತಿ ಮಾಡುವಾಗ, ಹಬೆಯು ತನ್ನ ತೂಕದ ಸುಮಾರು ಆರು ಪಟ್ಟು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದೆಂಬುದನ್ನು ಕಂಡು ಬೆರಗಾದ. ಬ್ಲ್ಯಾಕ್ ಅದರ ಕಾರಣ ವಿವರಿಸಿದ. ಹಬೆಯನ್ನು ಸಿಲಿಂಡರಿನ ಹೊರಗೆ ನೀರಾಗಿಸಲು ವಾಟ್ 1765ರಲ್ಲಿ ಯೋಚಿಸಿದ ಪ್ರತ್ಯೇಕ ಕಂಡೆನ್ಸರ್ ಗುಪ್ತೋಷ್ಣ ತತ್ತ್ವದ ನೇರ ಫಲವೆಂದು ಹಲವು ಪಠ್ಯಗಳು ಹೇಳುತ್ತವೆ. ವಾಟ್ ಸ್ವತಃ ಇದನ್ನು ಒಪ್ಪಿರಲಿಲ್ಲ.

ಬ್ಲ್ಯಾಕ್‌ನ ಕಾಲದಲ್ಲಿ ಉಷ್ಣವನ್ನು ಒಂದು ಸೂಕ್ಷ್ಮ ದ್ರವವೆಂದು ಎಣಿಸಲಾಗುತ್ತಿತ್ತು. ಕರಗುವಾಗ ಅದು ವಸ್ತುವಿನೊಡನೆ ಕೂಡಿ ಅಡಗುತ್ತದೆ ಎಂಬುದು ವಿವರಣೆ. 1840ರ ದಶಕದಲ್ಲಿ ಜೇಮ್ಸ್ ಜೂಲ್‌ನ ಪ್ರಯೋಗಗಳು ಉಷ್ಣವೂ ಶಕ್ತಿಯ ಒಂದು ರೂಪವೆಂದು ತೋರಿಸಿದ ಮೇಲೆ ಆ ವಿವರಣೆ ಬಿದ್ದುಹೋಯಿತು. ಬ್ಲ್ಯಾಕ್‌ನ ಅಳತೆಗಳು ಹಾಗೆಯೇ ಉಳಿದವು.

ಅಣುಗಳ ಮಟ್ಟದಲ್ಲಿ

ತಾಪಮಾನ ಎಂಬುದು ಅಣುಗಳ ಸರಾಸರಿ ಚಲನ ಶಕ್ತಿಯ ಅಳತೆ. ಸ್ಥಿತ್ಯಂತರದ ವೇಳೆ ಒಳಬಂದ ಶಕ್ತಿ ಅಣುಗಳ ವೇಗ ಹೆಚ್ಚಿಸುವುದಕ್ಕೆ ಹೋಗದೆ, ಅವುಗಳನ್ನು ಹಿಡಿದಿಟ್ಟ ಆಕರ್ಷಣೆಯನ್ನು ಮೀರುವುದಕ್ಕೆ ಖರ್ಚಾಗುತ್ತದೆ. ಅದು ಅಣುಗಳ ಜೋಡಣೆಯಲ್ಲಿ ಸ್ಥಾನಿಕ ಶಕ್ತಿಯಾಗಿ ಉಳಿಯುತ್ತದೆ. ತಾಪಮಾನ ಏರದಿರಲು ಇದೇ ಕಾರಣ.

ಮಂಜುಗಡ್ಡೆಯಲ್ಲಿ ಪ್ರತಿ ನೀರಿನ ಅಣುವೂ ನಾಲ್ಕು ನೆರೆಯ ಅಣುಗಳೊಡನೆ ಹೈಡ್ರೋಜನ್ ಬಂಧಗಳಿಂದ ಕೂಡಿಕೊಂಡು ಬಿಡಿಬಿಡಿಯಾದ ಜಾಲ ಕಟ್ಟುತ್ತದೆ. ಕರಗಿದಾಗ ಈ ಜಾಲದ ಕ್ರಮ ತಪ್ಪುತ್ತದೆಯಾದರೂ ಬಂಧಗಳಲ್ಲಿ ಹೆಚ್ಚಿನವು ಉಳಿಯುತ್ತವೆ. ಆವಿಯಾದಾಗ ಮಾತ್ರ ಅಣುಗಳು ಒಂದರಿಂದೊಂದು ಪೂರ್ತಿ ಬಿಡುಗಡೆಯಾಗುತ್ತವೆ. ಆದ್ದರಿಂದಲೇ 0° ಸೆ.ನಲ್ಲಿ 1 ಕೆ.ಜಿ. ಮಂಜುಗಡ್ಡೆ ನೇರ ಆವಿಯಾಗಲು ಬೇಕಾಗುವ 2834 ಕಿಲೋಜೂಲ್‌ಗಳಲ್ಲಿ ಕರಗುವಿಕೆಯ ಪಾಲು ಎಂಟನೆಯ ಒಂದರಷ್ಟೂ ಇಲ್ಲ.

ಆವಿಯಾಗುವಾಗ ಇನ್ನೊಂದು ಖರ್ಚೂ ಇದೆ. 100° ಸೆ.ನಲ್ಲಿ 1 ಕೆ.ಜಿ. ನೀರು ಸುಮಾರು ಒಂದು ಲೀಟರ್ ಜಾಗದಿಂದ 1670 ಲೀಟರಿನ ಹಬೆಯಾಗಿ ಹಿಗ್ಗುತ್ತದೆ. ಹಾಗೆ ಹಿಗ್ಗುವಾಗ ವಾಯುಮಂಡಲವನ್ನು ಹಿಂದಕ್ಕೆ ತಳ್ಳಬೇಕು. ಇದಕ್ಕೆ ಸುಮಾರು 170 ಕಿಲೋಜೂಲ್ ಹೋಗುತ್ತದೆ. ಉಳಿದ 2090 ಕಿಲೋಜೂಲ್‌ಗಳಷ್ಟು ಆಂತರಿಕ ಶಕ್ತಿಯ ಏರಿಕೆ. ಎರಡೂ ಸೇರಿದ ಮೊತ್ತವನ್ನು ಉಷ್ಣಗತಿವಿಜ್ಞಾನದಲ್ಲಿ ಎಂಥಾಲ್ಪಿಯ ಬದಲಾವಣೆ ಎನ್ನುತ್ತಾರೆ.

ಬಗೆಗಳು

ದ್ರವನ ಗುಪ್ತೋಷ್ಣವು ಘನ ಮತ್ತು ದ್ರವ ಸ್ಥಿತಿಗಳ ನಡುವಿನದು. ಲೋಹಗಳಲ್ಲಿ ಇದರ ಬೆಲೆಯಲ್ಲಿ ಬಹಳ ವ್ಯತ್ಯಾಸವಿದೆ: 327° ಸೆ.ನಲ್ಲಿ ಕರಗುವ ಸೀಸಕ್ಕೆ ಕಿಲೋಗ್ರಾಂಗೆ ಸುಮಾರು 23 ಕಿಲೋಜೂಲ್, 1064° ಸೆ.ನಲ್ಲಿ ಕರಗುವ ಚಿನ್ನಕ್ಕೆ ಸುಮಾರು 64, ತಾಮ್ರಕ್ಕೆ 205ರ ಆಸುಪಾಸು, 660° ಸೆ.ನಲ್ಲಿ ಕರಗುವ ಅಲ್ಯುಮಿನಿಯಮ್‌ಗೆ ಸುಮಾರು 397. ಕರಗುವ ತಾಪಮಾನ ಹೆಚ್ಚಿದ್ದರೆ ಗುಪ್ತೋಷ್ಣವೂ ಹೆಚ್ಚೆಂದು ತಿಳಿಯುವಂತಿಲ್ಲ ಎಂಬುದಕ್ಕೆ ಚಿನ್ನ ಮತ್ತು ಅಲ್ಯುಮಿನಿಯಮ್ ಸಾಕ್ಷಿ. ಗಾಜಿನಂಥ ಸ್ಫಟಿಕರಹಿತ ವಸ್ತುಗಳಿಗೆ ನಿಶ್ಚಿತ ದ್ರವನ ಬಿಂದುವಿಲ್ಲ. ಅವು ಕ್ರಮೇಣ ಮೆತ್ತಗಾಗುತ್ತವೆ.

ಬಾಷ್ಪೀಕರಣ ಗುಪ್ತೋಷ್ಣವು ದ್ರವ ಮತ್ತು ಆವಿಗಳ ನಡುವಿನದು. ಸಾಮಾನ್ಯ ದ್ರವಗಳಲ್ಲಿ ನೀರಿಗೆ ಇದು ಅತಿ ಹೆಚ್ಚು. ಅಮೋನಿಯಕ್ಕೆ ಮೈನಸ್ 33 ಡಿಗ್ರಿಯಲ್ಲಿ ಸುಮಾರು 1370 ಕಿಲೋಜೂಲ್, ಎಥನಾಲ್‌ಗೆ ಸುಮಾರು 850, ಪಾದರಸಕ್ಕೆ ಸುಮಾರು 295, ದ್ರವ ಸಾರಜನಕಕ್ಕೆ ಸುಮಾರು 199, ದ್ರವ ಹೀಲಿಯಮ್‌ಗೆ ಕೇವಲ 21. ಹೀಲಿಯಮ್ ಪರಮಾಣುಗಳ ನಡುವಿನ ಆಕರ್ಷಣೆ ಅಷ್ಟು ದುರ್ಬಲ.

ಘನವು ದ್ರವವಾಗದೆ ನೇರವಾಗಿ ಆವಿಯಾಗುವುದು ಉತ್ಪತನ. ಕರ್ಪೂರ, ಅಯೋಡಿನ್, ಒಣ ಮಂಜುಗಡ್ಡೆ ಎನಿಸಿಕೊಂಡ ಘನ ಇಂಗಾಲದ ಡೈಆಕ್ಸೈಡ್ ಇದಕ್ಕೆ ಉದಾಹರಣೆಗಳು. ಒಂದೇ ತಾಪಮಾನದಲ್ಲಿ ಉತ್ಪತನ ಗುಪ್ತೋಷ್ಣವು ದ್ರವನ ಮತ್ತು ಬಾಷ್ಪೀಕರಣ ಗುಪ್ತೋಷ್ಣಗಳ ಮೊತ್ತಕ್ಕೆ ಸಮ.

ಎಲ್ಲ ಸ್ಥಿತ್ಯಂತರಗಳಿಗೂ ಗುಪ್ತೋಷ್ಣವಿರುವುದಿಲ್ಲ. 1933ರಲ್ಲಿ ಪಾಲ್ ಎರೆನ್‌ಫೆಸ್ಟ್ ಮಾಡಿದ ವಿಂಗಡಣೆಯಂತೆ ಗುಪ್ತೋಷ್ಣವುಳ್ಳವು ಮೊದಲನೆಯ ಶ್ರೇಣಿಯವು. ದ್ರವ ಹೀಲಿಯಮ್ ಸುಮಾರು 2.17 ಕೆಲ್ವಿನ್‌ನಲ್ಲಿ ಅತಿದ್ರವವಾಗುವಾಗ, ಕಾಂತಕ್ಷೇತ್ರವಿಲ್ಲದಲ್ಲಿ ಲೋಹ ಅತಿವಾಹಕವಾಗುವಾಗ ಗುಪ್ತೋಷ್ಣ ಕಾಣಿಸುವುದಿಲ್ಲ.

ಒತ್ತಡ ಮತ್ತು ತಾಪಮಾನದ ಪ್ರಭಾವ

ಗುಪ್ತೋಷ್ಣ ಸ್ಥಿರಾಂಕವಲ್ಲ. ನೀರಿನ ಬಾಷ್ಪೀಕರಣ ಗುಪ್ತೋಷ್ಣ 0° ಸೆ.ನಲ್ಲಿ 2501, 30 ಡಿಗ್ರಿಯಲ್ಲಿ ಸುಮಾರು 2430, 100 ಡಿಗ್ರಿಯಲ್ಲಿ 2257 ಕಿಲೋಜೂಲ್. ತಾಪಮಾನ ಏರಿದಂತೆ ದ್ರವ ಮತ್ತು ಆವಿಗಳ ಸಾಂದ್ರತೆಗಳು ಹತ್ತಿರವಾಗುತ್ತ ಹೋಗಿ, 374° ಸೆ. ಮತ್ತು ಸುಮಾರು 221 ಬಾರ್ ಒತ್ತಡದ ಕ್ರಾಂತಿಕ ಬಿಂದುವಿನಲ್ಲಿ ಎರಡರ ಭೇದವೇ ಅಳಿಯುತ್ತದೆ. ಅಲ್ಲಿ ಗುಪ್ತೋಷ್ಣ ಶೂನ್ಯ.

ಒತ್ತಡ ಬದಲಾದಾಗ ಸ್ಥಿತ್ಯಂತರದ ತಾಪಮಾನ ಎಷ್ಟು ಸರಿಯುತ್ತದೆಂಬುದನ್ನು ಗುಪ್ತೋಷ್ಣದ ಮೂಲಕ ಲೆಕ್ಕ ಹಾಕುವ ಸಮೀಕರಣವನ್ನು 1834ರಲ್ಲಿ ಫ್ರಾನ್ಸಿನ ಕ್ಲಾಪೇರಾನ್ ಕೊಟ್ಟ. ಕ್ಲಾಸಿಯಸ್ 1850ರಲ್ಲಿ ಅದನ್ನು ಭದ್ರ ತಳಹದಿಯ ಮೇಲೆ ನಿಲ್ಲಿಸಿದ. ಪ್ರೆಷರ್ ಕುಕ್ಕರಿನಲ್ಲಿ ಒತ್ತಡ ವಾಯುಮಂಡಲದ ಎರಡು ಪಟ್ಟಾದಾಗ ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುವುದು ಈ ಸಮೀಕರಣದಂತೆಯೇ. ಮಂಜುಗಡ್ಡೆ ಕರಗಿದಾಗ ಕುಗ್ಗುವುದರಿಂದ ಒತ್ತಡ ಹೆಚ್ಚಿದಂತೆ ಅದರ ದ್ರವನ ಬಿಂದು ಇಳಿಯುತ್ತದೆ. ಇಳಿತ ಒಂದು ವಾಯುಮಂಡಲದ ಒತ್ತಡಕ್ಕೆ ಡಿಗ್ರಿಯ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ದ್ರವವು ಹೆಪ್ಪುಗಟ್ಟುವ ಬಿಂದುವಿನ ಕೆಳಗೂ ದ್ರವವಾಗಿಯೇ ಉಳಿಯುವುದು ಅತಿಶೀತನ. ಸ್ಫಟಿಕದ ಬೀಜವೊಂದು ಸಿಕ್ಕೊಡನೆ ಅದು ಥಟ್ಟನೆ ಹೆಪ್ಪುಗಟ್ಟಿ, ಹೊರಬಿದ್ದ ಗುಪ್ತೋಷ್ಣದಿಂದ ತಾನೇ ಬೆಚ್ಚಗಾಗುತ್ತದೆ. ಸೋಡಿಯಮ್ ಅಸಿಟೇಟ್ ತುಂಬಿದ ಕೈ ಬೆಚ್ಚಗಾಗಿಸುವ ಚೀಲಗಳು ಹೀಗೆ ಸುಮಾರು 58 ಡಿಗ್ರಿಯವರೆಗೆ ಏರುತ್ತವೆ.

ಅಳತೆ

ಶಾಲಾ ಪ್ರಯೋಗಾಲಯದಲ್ಲಿ ಮಿಶ್ರಣ ವಿಧಾನ ರೂಢಿಯಲ್ಲಿದೆ: ತೂಕ ಮತ್ತು ತಾಪಮಾನ ಗೊತ್ತಿರುವ ನೀರಿಗೆ ಒರೆಸಿದ ಮಂಜುಗಡ್ಡೆಯ ಚೂರು ಅಥವಾ ಒಣ ಹಬೆಯನ್ನು ಸೇರಿಸಿ, ಕೊನೆಯ ತಾಪಮಾನದಿಂದ ಲೆಕ್ಕ ಮಾಡುವುದು. ಮಂಜುಗಡ್ಡೆಗೆ ಅಂಟಿದ ನೀರು ಅಥವಾ ಹಬೆಯೊಡನೆ ಬಂದ ಹನಿಗಳು ಉತ್ತರ ಕೆಡಿಸುವುದು ಸಾಮಾನ್ಯ. ಲ್ಯಾವೋಸಿಯೇ ಮತ್ತು ಲಪ್ಲಾಸ್ 1782–83ರ ಚಳಿಗಾಲದಲ್ಲಿ ಇದೇ ತತ್ತ್ವವನ್ನು ತಿರುಗಿಸಿ, ಬಿಸಿ ವಸ್ತುವೊಂದು ಎಷ್ಟು ಮಂಜುಗಡ್ಡೆ ಕರಗಿಸುತ್ತದೆಂಬುದರಿಂದ ಅದರ ಉಷ್ಣವನ್ನೇ ಅಳೆದರು. ಇಂದು ಔಷಧ, ಪ್ಲಾಸ್ಟಿಕ್, ಮಿಶ್ರಲೋಹಗಳ ಮಿಲಿಗ್ರಾಂ ಮಾದರಿಗಳ ಗುಪ್ತೋಷ್ಣವನ್ನು ಡಿಫರೆನ್ಷಿಯಲ್ ಸ್ಕ್ಯಾನಿಂಗ್ ಕ್ಯಾಲೊರಿಮೀಟರ್ ನಿಮಿಷಗಳಲ್ಲಿ ತಿಳಿಸುತ್ತದೆ.

ವಾಯುಮಂಡಲ ಮತ್ತು ಜೀವಿಗಳಲ್ಲಿ

ಭೂಮಿಯ ಮೇಲ್ಮೈಯಿಂದ ವಾಯುಮಂಡಲಕ್ಕೆ ಶಕ್ತಿ ಸಾಗುವ ದಾರಿಗಳಲ್ಲಿ ಗುಪ್ತೋಷ್ಣ ಬಹು ದೊಡ್ಡದು. ಜಾಗತಿಕ ಸರಾಸರಿಯಲ್ಲಿ ಪ್ರತಿ ಚದರ ಮೀಟರಿನಿಂದ ಸುಮಾರು 80 ವ್ಯಾಟ್‌ನಷ್ಟು ಶಕ್ತಿ ನೀರಾವಿಯೊಳಗೆ ಅಡಗಿ ಮೇಲೇರುತ್ತದೆ. ನೆಲಮಟ್ಟ ಹೀರುವ ಸೂರ್ಯಶಕ್ತಿಯ ಸುಮಾರು ಅರ್ಧದಷ್ಟಾಯಿತು ಇದು. ಆವಿ ಮೋಡವಾಗಿ ಸಾಂದ್ರಗೊಂಡಲ್ಲಿ ಆ ಶಕ್ತಿ ಗಾಳಿಗೆ ಸೇರುತ್ತದೆ. ಒಂದು ಚದರ ಕಿಲೋಮೀಟರ್ ಪ್ರದೇಶದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ, ಆ ನೀರು ಮೋಡದಲ್ಲಿ ಹನಿಗೂಡುವಾಗ ಬಿಟ್ಟ ಉಷ್ಣ ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ ಸುಮಾರು 70 ಲಕ್ಷ ಯೂನಿಟ್.

ಒಣ ಗಾಳಿ ಮೇಲೇರುವಾಗ ಕಿಲೋಮೀಟರಿಗೆ 9.8 ಡಿಗ್ರಿಯಂತೆ ತಣಿಯುತ್ತದೆ. ಮುಂಗಾರಿನಲ್ಲಿ ಅರಬ್ಬಿ ಸಮುದ್ರದಿಂದ ಬಂದು ಪಶ್ಚಿಮ ಘಟ್ಟವನ್ನು ಏರುವ ತೇವಗಾಳಿಯಲ್ಲಿ ಮೋಡ ಕಟ್ಟತೊಡಗಿದ ಮೇಲೆ, ಗುಪ್ತೋಷ್ಣ ಬಿಡುಗಡೆಯಾಗುವುದರಿಂದ ಈ ದರ 5 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಸುತ್ತಲಿನ ಗಾಳಿಗಿಂತ ಬೆಚ್ಚಗಿರುವ ಕಾರಣ ಅದು ಇನ್ನಷ್ಟು ಮೇಲೇರಿ ಇನ್ನಷ್ಟು ಮಳೆ ಸುರಿಸುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವ ಗಾಳಿ ನೀರನ್ನು ಕಳೆದುಕೊಂಡು, ಹೊರಬಂದ ಉಷ್ಣವನ್ನು ಉಳಿಸಿಕೊಂಡಿರುತ್ತದೆ. ಬಯಲುಸೀಮೆಯ ಮಳೆನೆರಳಿಗೆ ಇದೂ ಒಂದು ಕಾರಣ. ಉಷ್ಣವಲಯದ ಚಂಡಮಾರುತಗಳ ಚಾಲಕ ಶಕ್ತಿಯೂ ಬೆಚ್ಚನೆಯ ಸಮುದ್ರದಿಂದ ಎದ್ದ ಆವಿಯ ಗುಪ್ತೋಷ್ಣವೇ. ನೆಲ ತಲುಪಿ ಆ ಪೂರೈಕೆ ಕಡಿದಾಗ ಅವು ದುರ್ಬಲವಾಗುತ್ತವೆ.

ಮನುಷ್ಯ ಶರೀರ ಒಂದು ಲೀಟರ್ ಬೆವರನ್ನು ಆವಿಯಾಗಿಸಿ ಸುಮಾರು 2400 ಕಿಲೋಜೂಲ್ ಉಷ್ಣ ಕಳೆಯಬಲ್ಲದು. ಬೆವರು ತೊಟ್ಟಿಕ್ಕಿದರೆ ಪ್ರಯೋಜನವಿಲ್ಲ, ಚರ್ಮದ ಮೇಲೆಯೇ ಆರಬೇಕು. ಕಲಬುರಗಿ, ರಾಯಚೂರುಗಳ ಒಣ ಬೇಸಿಗೆಯಲ್ಲಿ ಮಣ್ಣಿನ ಹೂಜಿಯೂ ಹೀಗೆಯೇ, ಹೊರಗೆ ಜಿನುಗಿದ ನೀರು ಆವಿಯಾಗಿ, ಒಳಗಿನ ನೀರನ್ನು ಚೆನ್ನಾಗಿ ತಣಿಸುತ್ತದೆ. ಮಂಗಳೂರಿನ ತೇವಗಾಳಿಯಲ್ಲಿ ಅದೇ ಹೂಜಿ ಅಷ್ಟು ಕೆಲಸ ಮಾಡದು.

ಶೈತ್ಯೀಕರಣ

ಬ್ಲ್ಯಾಕ್‌ನ ಗುರು ವಿಲಿಯಂ ಕಲನ್ ದ್ರವಗಳನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ ಶೀತ ಉಂಟುಮಾಡುವುದನ್ನು ಹದಿನೆಂಟನೆಯ ಶತಮಾನದಲ್ಲೇ ತೋರಿಸಿದ್ದ. ಭಾರತದಲ್ಲಿ ಅದೇ ಕಾಲಕ್ಕೆ ಅಲಹಾಬಾದ್ ಮುಂತಾದೆಡೆ ಚಳಿಗಾಲದ ರಾತ್ರಿ ಅಗಲ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು ಮಂಜುಗಡ್ಡೆ ಪಡೆಯುತ್ತಿದ್ದರು. ರಾಬರ್ಟ್ ಬಾರ್ಕರ್ 1775ರಲ್ಲಿ ಇದನ್ನು ವರ್ಣಿಸಿದ್ದಾನೆ. ಆವಿಯಾಗುವಿಕೆ ಮತ್ತು ಆಕಾಶದತ್ತ ಉಷ್ಣ ವಿಕಿರಣ ಎರಡೂ ಅಲ್ಲಿ ಕೂಡಿ ಕೆಲಸ ಮಾಡುತ್ತಿದ್ದವು. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಫ್ರೆಡೆರಿಕ್ ಟ್ಯೂಡರ್ ಹಡಗಿನಲ್ಲಿ ಕಳಿಸಿದ ಸುಮಾರು 180 ಟನ್ ಮಂಜುಗಡ್ಡೆಯಲ್ಲಿ ಸುಮಾರು 100 ಟನ್ ನಾಲ್ಕು ತಿಂಗಳ ಬಳಿಕವೂ ಕಲ್ಕತ್ತೆಯಲ್ಲಿ ಉಳಿದಿತ್ತು. ಉಷ್ಣನಿರೋಧಕ ಹೊದಿಕೆಯ ಜೊತೆಗೆ ಕಿಲೋಗ್ರಾಂಗೆ 334 ಕಿಲೋಜೂಲ್ ಎಂಬ ದೊಡ್ಡ ಬೆಲೆಯೂ ಅದನ್ನು ಕಾಪಾಡಿತ್ತು.

ಇಂದಿನ ಫ್ರಿಜ್ ಮತ್ತು ಏರ್ ಕಂಡಿಷನರುಗಳಲ್ಲಿ ಶೀತಕ ದ್ರವವು ಒಳಗಿನ ಕೊಳವೆಯಲ್ಲಿ ಕಡಿಮೆ ಒತ್ತಡದಲ್ಲಿ ಆವಿಯಾಗಿ ಉಷ್ಣ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಗಿನ ಕೊಳವೆಗೆ ತಳ್ಳಿದಾಗ ಸಾಂದ್ರಗೊಂಡು ಉಷ್ಣವನ್ನು ಹೊರಬಿಡುತ್ತದೆ. ಮಲ್ಪೆ, ಮಂಗಳೂರಿನಂಥ ಮೀನುಗಾರಿಕೆ ಬಂದರುಗಳಿಗೆ ಬೇಕಾದ ಮಂಜುಗಡ್ಡೆಯನ್ನು ಒದಗಿಸುವ ಐಸ್ ಪ್ಲಾಂಟುಗಳಲ್ಲಿ ಅಮೋನಿಯ ಸಾಮಾನ್ಯ ಶೀತಕ. ಏರ್ ಕಂಡಿಷನರ್ ಅಂಗಡಿಯಲ್ಲಿ ಕೇಳಿಬರುವ ‘ಒಂದೂವರೆ ಟನ್’ ಎಂಬುದು ಯಂತ್ರದ ತೂಕವಲ್ಲ. ಅಮೆರಿಕದ ಒಂದು ಟನ್ (907 ಕೆ.ಜಿ.) ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗಲು ಹೀರುವ ಉಷ್ಣದ ದರವೇ ಒಂದು ಟನ್ ಶೈತ್ಯ. ಅದು ಸುಮಾರು 3.5 ಕಿಲೋವ್ಯಾಟ್.

ಹಬೆ ಮತ್ತು ಕೈಗಾರಿಕೆ

ಹಬೆ ತಣ್ಣನೆಯ ಮೇಲ್ಮೈ ತಾಗಿದ ಕೂಡಲೇ ಅಲ್ಲೇ ಸಾಂದ್ರಗೊಂಡು ಗುಪ್ತೋಷ್ಣವನ್ನು ಕೊಡುತ್ತದೆ. ಇಡ್ಲಿ ಸಮವಾಗಿ ಬೇಯುವುದಕ್ಕೂ ಹಬೆಯ ಸುಟ್ಟಗಾಯ ಕುದಿನೀರಿನದಕ್ಕಿಂತ ಗಂಭೀರವಾಗುವುದಕ್ಕೂ ಕಾರಣ ಒಂದೇ. ಶಕ್ತಿನಗರದ ರಾಯಚೂರು ಸ್ಥಾವರವೂ ಸೇರಿದಂತೆ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಲ್ಲಿ ಟರ್ಬೈನು ದಾಟಿ ಬಂದ ಹಬೆಯನ್ನು ಮತ್ತೆ ನೀರಾಗಿಸಲೇಬೇಕು. ಆಗ ಹೊರಬೀಳುವ ಗುಪ್ತೋಷ್ಣವನ್ನು ತಂಪುನೀರು ಒಯ್ಯುತ್ತದೆ. ಇಂಧನದ ಶಕ್ತಿಯಲ್ಲಿ ವಿದ್ಯುತ್ತಾಗುವುದಕ್ಕಿಂತ ಹೆಚ್ಚಿನ ಪಾಲು ಹೀಗೆ ಹೋಗುತ್ತದೆ.

ಕಬ್ಬಿನ ರಸವನ್ನು ಬತ್ತಿಸುವ ಕೆಲಸದಲ್ಲಿ ಗುಪ್ತೋಷ್ಣವೇ ಮುಖ್ಯ ವೆಚ್ಚ. 100 ಕೆ.ಜಿ. ರಸ ಬೆಲ್ಲವಾಗಲು ಸುಮಾರು 80 ಕೆ.ಜಿ. ನೀರು ಹೋಗಬೇಕು. ರಸವನ್ನು ಕುದಿಯುವ ಮಟ್ಟಕ್ಕೆ ತರಲು 30,000 ಕಿಲೋಜೂಲ್‌ಗಿಂತ ಕಡಿಮೆ ಸಾಕು. ಆ ನೀರನ್ನು ಆವಿಯಾಗಿಸಲು ಸುಮಾರು 1,80,000 ಬೇಕು. ಆಲೆಮನೆಯ ತೆರೆದ ಕೊಪ್ಪರಿಗೆಯಿಂದ ಇದೆಲ್ಲ ಗಾಳಿಗೆ ಸೇರುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಹಾಗಾಗದು: ಮೊದಲ ಪಾತ್ರೆಯ ರಸದಿಂದ ಎದ್ದ ಆವಿಯನ್ನು ಎರಡನೆಯ ಪಾತ್ರೆಯ ಕೊಳವೆಗಳಿಗೆ ಹಾಯಿಸುತ್ತಾರೆ, ಅಲ್ಲಿ ಒತ್ತಡ ಕಡಿಮೆಯಿರುವುದರಿಂದ ರಸ ಇನ್ನೂ ಕಡಿಮೆ ತಾಪಮಾನದಲ್ಲಿ ಕುದಿಯುತ್ತದೆ, ಅದರ ಆವಿ ಮೂರನೆಯದಕ್ಕೆ. ನಾಲ್ಕು ಪಾತ್ರೆಗಳ ಸಾಲಿನಲ್ಲಿ ಒಂದು ಕೆ.ಜಿ. ಹಬೆ ನಾಲ್ಕು ಕೆ.ಜಿ.ಗೆ ತುಸು ಕಡಿಮೆ ನೀರನ್ನು ಹೊರಹಾಕುತ್ತದೆ. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ನಾರ್ಬರ್ಟ್ ರಿಲಿಯೂ 1840ರ ದಶಕದಲ್ಲಿ ರೂಪಿಸಿದ ಈ ವಿಧಾನ ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಕಾರ್ಖಾನೆಗಳಿಗೂ ಆಧಾರ. ಇಂಧನವಾಗಿ ಉರಿಸುವ ಕಬ್ಬಿನ ಸಿಪ್ಪೆಯಲ್ಲಿ ಉಳಿತಾಯವಾದದ್ದರಿಂದ ವಿದ್ಯುತ್ ಉತ್ಪಾದಿಸಿ ಮಾರುವುದು ಇದರಿಂದಲೇ ಸಾಧ್ಯವಾಗಿದೆ. ಗೋಕರ್ಣದ ಬಳಿಯ ಸಾಣಿಕಟ್ಟಾ ಉಪ್ಪಿನ ಆಗರಗಳಲ್ಲಿ ಇಂಧನದ ಪ್ರಶ್ನೆಯೇ ಇಲ್ಲ. ಗುಪ್ತೋಷ್ಣವನ್ನು ಬಿಸಿಲು, ಗಾಳಿ ಒದಗಿಸುತ್ತವೆ.

ಇಂದಿನ ಸ್ಥಿತಿ

ಉಷ್ಣವನ್ನು ಕೂಡಿಟ್ಟು ಬೇಕಾದಾಗ ಪಡೆಯಲು ಪ್ಯಾರಾಫಿನ್ ಮೇಣ, ಲವಣ ಹೈಡ್ರೇಟ್‌ಗಳಂಥ ಸ್ಥಿತ್ಯಂತರ ವಸ್ತುಗಳ ಬಳಕೆ ಹೆಚ್ಚುತ್ತಿದೆ. 1948ರಲ್ಲಿ ಮಾರಿಯಾ ಟೆಲ್ಕೆಸ್ ಅಮೆರಿಕದ ಡೋವರ್‌ನ ಸೌರಗೃಹಕ್ಕೆ 32 ಡಿಗ್ರಿಯಲ್ಲಿ ಕರಗುವ ಗ್ಲೌಬರ್ ಲವಣವನ್ನು ಬಳಸಿದ್ದಳು. ಮತ್ತೆ ಮತ್ತೆ ಕರಗಿ ಹೆಪ್ಪುಗಟ್ಟಿದಾಗ ಲವಣ ಪದರಪದರವಾಗಿ ಬೇರ್ಪಡುವ ತೊಂದರೆ ಇಂಥ ವಸ್ತುಗಳನ್ನು ಇಂದಿಗೂ ಕಾಡುತ್ತದೆ. ಭಾರತದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆಗಳನ್ನು 2ರಿಂದ 8 ಡಿಗ್ರಿಯಲ್ಲಿಡುವ ಐಎಲ್‌ಆರ್ (ಐಸ್ ಲೈನ್ಡ್ ರೆಫ್ರಿಜರೇಟರ್) ಪೆಟ್ಟಿಗೆಗಳ ಒಳಗೋಡೆಗೆ ಮಂಜುಗಡ್ಡೆಯ ಪದರವಿದ್ದು, ವಿದ್ಯುತ್ ಹೋದಾಗ ಅದೇ ತಂಪು ಕಾಯುತ್ತದೆ. ದ್ರವವೊಂದು ಒಂದು ತುದಿಯಲ್ಲಿ ಆವಿಯಾಗಿ ಇನ್ನೊಂದು ತುದಿಯಲ್ಲಿ ಸಾಂದ್ರಗೊಳ್ಳುವ ಹೀಟ್ ಪೈಪುಗಳು ಲ್ಯಾಪ್‌ಟಾಪ್‌ಗಳಿಂದ ಹಿಡಿದು ಕೃತಕ ಉಪಗ್ರಹಗಳವರೆಗೆ ಬಳಕೆಯಲ್ಲಿವೆ.

ಹವಾಮಾನ ಬದಲಾವಣೆಯ ಅಧ್ಯಯನದಲ್ಲೂ ಗುಪ್ತೋಷ್ಣಕ್ಕೆ ಕೇಂದ್ರ ಸ್ಥಾನವಿದೆ. ಕ್ಲಾಸಿಯಸ್–ಕ್ಲಾಪೇರಾನ್ ಸಮೀಕರಣದಂತೆ ಗಾಳಿಯ ತಾಪಮಾನ ಒಂದು ಡಿಗ್ರಿ ಏರಿದರೆ ಅದು ಹೊರಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ, ಭಾರೀ ಮಳೆಯ ತೀವ್ರತೆ ಏರುವುದಕ್ಕೆ ಇದು ಮೂಲ ಕಾರಣಗಳಲ್ಲೊಂದು. ಇನ್ನೊಂದು ಕಡೆ, ಗುಪ್ತೋಷ್ಣವನ್ನು ಸಾಗಿಸುವ ಶೀತಕಗಳೇ ವಾತಾವರಣಕ್ಕೆ ಹೊರೆಯಾಗಿವೆ. ಓಜೋನ್ ಪದರವನ್ನು ಕೆಡಿಸುವ ಶೀತಕಗಳನ್ನು 1987ರ ಮಾಂಟ್ರಿಯಲ್ ಒಪ್ಪಂದ ನಿಯಂತ್ರಿಸಿತು. ಅವುಗಳ ಜಾಗಕ್ಕೆ ಬಂದ, ಭೂಮಿಯ ಬಿಸಿ ಹೆಚ್ಚಿಸುವ ಹೈಡ್ರೊಫ್ಲೋರೊಕಾರ್ಬನ್‌ಗಳನ್ನು ಹಂತಹಂತವಾಗಿ ಇಳಿಸಲು 2016ರಲ್ಲಿ ಕಿಗಾಲಿ ತಿದ್ದುಪಡಿ ಆಯಿತು; ಭಾರತ ಅದನ್ನು 2021ರಲ್ಲಿ ಅನುಮೋದಿಸಿದೆ.